ಬುಧವಾರದ ತಾಂತ್ರಿಕ ಮಾತುಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿನ ವಿದ್ಯಾರ್ಥಿ ಸಂಘದ ಜೊತೆ ಸೇರಿ ಕೆಲವು ವರ್ಷಗಳಿಂದ ಪ್ರತಿ ಬುಧವಾರ ಸಂಜೆ ತಾಂತ್ರಿಕ ಮಾತುಕತೆ ನಡೆಸುತ್ತಿದ್ದೇನೆ. ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ, ಪತ್ರ ಬರೆದಾಗಲೆಲ್ಲ ‘ನಾವೂ ಶುರು ಮಾಡಬೇಕು, ಹೇಗೆ?’ ಎಂದು ಕೇಳುತ್ತಾರೆ. ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವ ಮುನ್ನ

ಇದೂ ಸೆಮಿನಾರ್ ತಾನೇ ಸರ್? ಇದರಲ್ಲಿ ಹೊಸದೇನಿದೆ?

ಸೆಮಿನಾರಿನಲ್ಲಿ ಅಂಕವಿದೆ, ಅಂಕ ಕೊಡುವವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ, ಮಾತನಾಡುವವರ ಕಣ್ಣು ಅವರ ಮೇಲೆಯೇ ಇರುತ್ತದೆ. ಇಲ್ಲಿ ಅಂಕವಿಲ್ಲ. ತಾನು ಕೈಯಾರೆ ಮಾಡಿ ನೋಡಿದ ಒಂದು ಸಂಗತಿಯನ್ನು ಒಬ್ಬ ವಿದ್ಯಾರ್ಥಿ ತನ್ನ ಓರಗೆಯವರಿಗೆ ಹೇಳುತ್ತಾನೆ. ಕೆಲಸ ಅರ್ಧಕ್ಕೆ ನಿಂತಿದ್ದರೂ ಸರಿ, ಕೆಟ್ಟುಹೋಗಿದ್ದರೂ ಸರಿ.

1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿ ಸುಮಾರು 30 ಜನ ಒಬ್ಬರ ಮನೆಯ ಗ್ಯಾರೇಜಿನಲ್ಲಿ ಸೇರಿದ್ದರು. ಆಲ್ಟೇರ್ 8800 ಎಂಬ ಕಂಪ್ಯೂಟರ್ ಕಿಟ್ ಆಗಷ್ಟೇ ಬಂದಿತ್ತು, ಎಲ್ಲರಿಗೂ ಅದನ್ನು ಬಿಚ್ಚಿ ನೋಡುವ ಆಸೆ. ಆ ಕೂಟವೇ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಆಯಿತು. ಮುಂದೆ ಆಪಲ್-1 ಎಂದು ಹೆಸರಾದ ಕಂಪ್ಯೂಟರ್ ಬೋರ್ಡನ್ನು ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಮೊದಲು ತೋರಿಸಿದ್ದು ಅಲ್ಲಿನ ಗೆಳೆಯರಿಗೆ, ನಕ್ಷೆಯ ಪ್ರತಿಗಳನ್ನು ಹಂಚಿದ್ದೂ ಅವರಿಗೇ. ನಮಗೂ ಅಂಥದೇ ಒಂದು ಕೋಣೆ, ಅಂಥದೇ ಒಂದು ಕುತೂಹಲ ಇದ್ದರೆ ಸಾಕು.

ಉದ್ಘಾಟನೆಯನ್ನು ಯಾರಿಂದ ಮಾಡಿಸಬೇಕು?

ಯಾರಿಂದಲೂ ಬೇಡ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಅಧ್ಯಕ್ಷರ ನುಡಿ, ವಂದನಾರ್ಪಣೆ ಇವಕ್ಕೆಲ್ಲ ಕಾಲೇಜು ದಿನಾಚರಣೆಯಲ್ಲಿ ಜಾಗವಿದೆ. ಇಷ್ಟೆಲ್ಲ ಮುಗಿದ ಮೇಲೆ ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದು ‘ನನ್ನ ಸರ್ಕ್ಯೂಟ್ ಯಾಕೆ ಸುಟ್ಟಿತು ಗೊತ್ತೇ?’ ಎಂದು ಶುರು ಮಾಡುವುದು ಕಷ್ಟ. ಮೊದಲ ದಿನವೇ ಶಾಲು, ಹಾರ ಬಂದರೆ ಎರಡನೆಯ ವಾರ ಯಾರೂ ಹೆಸರು ಕೊಡುವುದಿಲ್ಲ. ಪ್ರಾಂಶುಪಾಲರಿಗೂ ವಿಭಾಗದ ಮುಖ್ಯಸ್ಥರಿಗೂ ಮೊದಲೇ ಹೋಗಿ ವಿಷಯ ತಿಳಿಸಿ, ಲಿಖಿತ ಅನುಮತಿ ಪಡೆಯಿರಿ. ಬಂದು ಕೇಳುವಂತೆ ಆಹ್ವಾನಿಸಿ. ವೇದಿಕೆಯನ್ನು ಮಾತ್ರ ಕಟ್ಟಬೇಡಿ.

ಯಾವ ವಾರ, ಎಷ್ಟು ಹೊತ್ತಿಗೆ ಇಟ್ಟರೆ ಜನ ಬರುತ್ತಾರೆ?

ನಾವು ಮೊದಲು ಶುಕ್ರವಾರ ಸಂಜೆ 6ಕ್ಕೆ ಇಟ್ಟು ತಪ್ಪು ಮಾಡಿದೆವು. ಮಲೆನಾಡಿನ ಕಾಲೇಜಿನಲ್ಲಿ ಶುಕ್ರವಾರ ಎಂದರೆ ಊರಿಗೆ ಹೊರಡುವ ದಿನ, ಮಧ್ಯಾಹ್ನದಿಂದಲೇ ಬ್ಯಾಗು ಹೆಗಲಿಗೇರಿರುತ್ತದೆ. 6ರ ಹೊತ್ತಿಗೆ ಹಳ್ಳಿ ಕಡೆಯ ಬಸ್ ಹಿಡಿಯುವವರೂ ಇರುವುದಿಲ್ಲ, ಹಾಸ್ಟೆಲಿಗೆ ಹೊತ್ತಿಗೆ ಸೇರಬೇಕಾದ ಹುಡುಗಿಯರೂ ಇರುವುದಿಲ್ಲ. ಆ ಸೆಮಿಸ್ಟರ್ ಪೂರ್ತಿ ಹಾಸ್ಟೆಲಿನ ಹುಡುಗರಷ್ಟೇ ಬಂದರು. ಹುಡುಗಿಯರಿಗೆ ಆಸಕ್ತಿ ಕಡಿಮೆ ಎಂದು ಯಾರೋ ಹೇಳಿದಾಗ ಬಹಳ ನೋವಾಯಿತು. ಅಡ್ಡಿಯಾಗಿದ್ದದ್ದು ನಾವು ಇಟ್ಟ ವೇಳೆ.

ಈಗ ಬುಧವಾರ ಕೊನೆಯ ತರಗತಿ ಮುಗಿದ 10 ನಿಮಿಷಕ್ಕೆ ಶುರು, ಒಂದು ಗಂಟೆಯೊಳಗೆ ಮುಕ್ತಾಯ. ನಿಮ್ಮಲ್ಲಿ ಅತಿ ದೂರದಿಂದ ಬರುವ ವಿದ್ಯಾರ್ಥಿನಿ ಯಾರೆಂದು ಹುಡುಕಿ, ಅವರ ಬಸ್ಸಿನ ಸಮಯ ಕೇಳಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ವೇಳೆ ಗೊತ್ತುಮಾಡಿ. ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ವಾರಗಳನ್ನೂ ಹಬ್ಬಗಳನ್ನೂ ಕಳೆದರೆ ಒಂದು ಸೆಮಿಸ್ಟರಿಗೆ 8ರಿಂದ 10 ಬುಧವಾರ ಸಿಗುತ್ತವೆ. ಕೋಣೆ ಮತ್ತು ವೇಳೆ ಪ್ರತಿ ವಾರವೂ ಒಂದೇ ಆಗಿರಲಿ.

ಕನ್ನಡದಲ್ಲಿ ಮಾತನಾಡಬಹುದೇ? ತಾಂತ್ರಿಕ ವಿಷಯಕ್ಕೆ ಇಂಗ್ಲಿಷೇ ಬೇಕಲ್ಲವೇ?

ಧಾರಾಳವಾಗಿ ಮಾತನಾಡಬಹುದು. ಈ ಪ್ರಶ್ನೆಯನ್ನು ಕೇಳುವವರ ದನಿಯಲ್ಲೇ ಒಂದು ಅಂಜಿಕೆ ಇರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೆಮಿನಾರಿನಲ್ಲಿ ಮೂರು ವಾಕ್ಯ ಮುಗಿಸಲು ತಡವರಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬರು ನಮ್ಮಲ್ಲಿ ಕನ್ನಡದಲ್ಲಿ ಡೇಟಾಬೇಸಿನ ಡೆಡ್‌ಲಾಕ್ ವಿವರಿಸಿದರು. ಆಗುಂಬೆ ಘಾಟಿಯ ಕಿರಿದಾದ ತಿರುವಿನಲ್ಲಿ ಎರಡು ವಾಹನ ಎದುರುಬದುರಾಗಿ ನಿಂತಿವೆ. ಇದು ಹಿಂದೆ ಸರಿಯಲಿ ಎಂದು ಅದು ಕಾಯುತ್ತದೆ, ಅದು ಸರಿಯಲಿ ಎಂದು ಇದು ಕಾಯುತ್ತದೆ. ಇಬ್ಬರ ಹಿಂದೆಯೂ ಸಾಲು ಬೆಳೆಯುತ್ತದೆ. ಯಾರಾದರೂ ಒಬ್ಬರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗದೆ ಬಿಡುಗಡೆಯಿಲ್ಲ. ಡೇಟಾಬೇಸ್ ಕೂಡ ಹೀಗೆ ಸಿಕ್ಕಿಬಿದ್ದ ಒಂದು ವ್ಯವಹಾರವನ್ನು (ಟ್ರಾನ್ಸಾಕ್ಷನ್) ಆರಿಸಿ, ಅದು ಮಾಡಿದ್ದನ್ನೆಲ್ಲ ರದ್ದುಗೊಳಿಸಿ ಹಿಂದಕ್ಕೆ ಕಳಿಸುತ್ತದೆ. ಹಾಗಾದರೆ ಯಾರನ್ನು ಹಿಂದಕ್ಕೆ ಕಳಿಸಬೇಕು, ಈಗಷ್ಟೇ ಬಂದವರನ್ನೋ, ಬಹಳ ದೂರ ಬಂದವರನ್ನೋ? ಈ ಪ್ರಶ್ನೆಯ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಅದೇ ಪಾಠವನ್ನು ನಾನು ಇಂಗ್ಲಿಷಿನಲ್ಲಿ ಮಾಡಿದಾಗ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಪಾರಿಭಾಷಿಕ ಪದಗಳನ್ನು ಹಟ ಹಿಡಿದು ಅನುವಾದಿಸಬೇಕಾಗಿಲ್ಲ. ವೋಲ್ಟೇಜ್, ಲೂಪ್, ಸರ್ವರ್ ಎಲ್ಲ ಹಾಗೆಯೇ ಇರಲಿ, ವಾಕ್ಯ ಕನ್ನಡದ್ದಾಗಿರಲಿ. ಕನ್ನಡ ಬಾರದ ಸಹಪಾಠಿಗಳು ಬಂದಿದ್ದರೆ ಸ್ಲೈಡ್ ಇಂಗ್ಲಿಷಿನಲ್ಲಿರಲಿ, ಪಕ್ಕದಲ್ಲೊಬ್ಬರು ಕುಳಿತು ವಿವರಿಸಲಿ. ಕೆಲಸದ ಸಂದರ್ಶನಕ್ಕೆ ಇಂಗ್ಲಿಷ್ ಬೇಕೆನ್ನುವುದು ನಿಜ. ಅದಕ್ಕೆ ನಮ್ಮಲ್ಲಿ ಕೆಲವರು ಕನ್ನಡದಲ್ಲಿ ಹೇಳಿದ್ದನ್ನೇ ಮುಂದಿನ ವಾರ ನಾಲ್ಕೈದು ಗೆಳೆಯರ ಮುಂದೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ವಿಷಯ ಮೊದಲೇ ಮನಸ್ಸಿನಲ್ಲಿ ಕೂತಿರುವುದರಿಂದ ಭಾಷೆಯೊಂದರ ಮೇಲೆ ಗಮನ ಕೊಟ್ಟರೆ ಸಾಕಾಗುತ್ತದೆ.

ಹಣ ಎಷ್ಟು ಬೇಕು?

ಬಹುತೇಕ ಬೇಡ. ಮಂಡಕ್ಕಿಗೂ ಚಹಾಕ್ಕೂ ಬಂದವರೇ 10 ರೂಪಾಯಿ ಹಾಕಿಕೊಳ್ಳಲಿ, ಇಲ್ಲದವರನ್ನು ಕೇಳಬೇಡಿ. ಪ್ರಾಯೋಜಕರನ್ನು ಹುಡುಕಿದರೆ ಅವರ ಬ್ಯಾನರು ಬರುತ್ತದೆ, ಬ್ಯಾನರಿನ ಹಿಂದೆಯೇ ವೇದಿಕೆಯೂ ಬರುತ್ತದೆ.

## ವಿಷಯ ಮತ್ತು ಮಾತನಾಡುವವರು

ಎಲ್ಲರೂ ‘ನನಗೆ ಹೇಳಲು ಏನೂ ಇಲ್ಲ’ ಎನ್ನುತ್ತಾರೆ. ವಿಷಯವನ್ನು ಎಲ್ಲಿಂದ ತರುವುದು?

‘ಯಾವ ವಿಷಯದ ಮೇಲೆ ಮಾತನಾಡುತ್ತೀಯ?’ ಎಂದು ಕೇಳಿದರೆ ಹಾಗೆಯೇ ಹೇಳುತ್ತಾರೆ. ‘ಈ ತಿಂಗಳು ನಿನಗೆ ತಲೆನೋವು ಕೊಟ್ಟ ಕೆಲಸ ಯಾವುದು?’ ಎಂದು ಕೇಳಿ ನೋಡಿ.

ಹೊಸನಗರ ಕಡೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಸಿಕ್ಕಿದ. ಅವನ ತಂದೆ ಅಡಿಕೆ ತೋಟದ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ರೂಢಿ ಇದೆ. ಮಗ ತಾನಾಗಿಯೇ ಎಣಿಸುವ ಮಾಪಕವನ್ನು ಕಟ್ಟಿದ. ಆಲಿಕೆಯ ಕೆಳಗೆ ಏತದಂತೆ ತೂಗುವ ಪುಟ್ಟ ಜೋಡಿ ಬಟ್ಟಲು. ಒಂದು ಬಟ್ಟಲು ತುಂಬಿದರೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಅಯಸ್ಕಾಂತವೊಂದು ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದಾಗ ತಾಗಿಕೊಳ್ಳುವ ಸ್ವಿಚ್) ಹಾದುಹೋಗುತ್ತದೆ. ಲೆಕ್ಕ ಸರಳ. 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಆಲಿಕೆಯ ವ್ಯಾಸ 20 ಸೆಂ.ಮೀ. ಇದ್ದರೆ ವಿಸ್ತೀರ್ಣ 314 ಚದರ ಸೆಂ.ಮೀ., ಒಂದು ವಾಲುವಿಕೆ 0.2 ಮಿ.ಮೀ. ಮಳೆಗೆ ಸಮನಾಗಬೇಕಾದರೆ ಬಟ್ಟಲು 6.28 ಮಿ.ಲೀ. ಹಿಡಿಯಬೇಕು.

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಆದರೂ ಅಪ್ಪನ ಕ್ಯಾಲೆಂಡರಿಗಿಂತ ಅವನ ಯಂತ್ರ ಮೂರು ಪಟ್ಟು ಮಳೆ ತೋರಿಸುತ್ತಿತ್ತು. ಆಗುಂಬೆಯನ್ನೂ ಮೀರಿಸುವ ಮಳೆ ಹೊಸನಗರದ ಒಂದೇ ತೋಟದಲ್ಲಿ! ಸ್ವಿಚ್ಚಿನ ಲೋಹದ ನಾಲಿಗೆಗಳು ಒಮ್ಮೆ ತಾಗಿದಾಗ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತವೆ, ಎಣಿಸುವ ಪುಟ್ಟ ಚಿಪ್ಪಾದ ಮೈಕ್ರೊಕಂಟ್ರೋಲರ್ ಪ್ರತಿ ಅದುರುವಿಕೆಯನ್ನೂ ಬೇರೆ ವಾಲುವಿಕೆ ಎಂದು ಎಣಿಸುತ್ತಿತ್ತು. ಒಂದು ಸಂಕೇತ ಬಂದ ಮೇಲೆ 100 ಮಿಲಿಸೆಕೆಂಡು ಏನನ್ನೂ ಎಣಿಸದಂತೆ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದಾಗ ಅಪ್ಪ ಮಗನ ಲೆಕ್ಕ ಹೊಂದಿತು. ಹೇಳಲು ಏನೂ ಇಲ್ಲ ಎಂದಿದ್ದವನು 25 ನಿಮಿಷ ಮಾತನಾಡಿದ, ಕ್ಯಾಲೆಂಡರಿನ ಹಾಳೆಗಳನ್ನೂ ತಂದಿದ್ದ. ಯಂತ್ರಕ್ಕಿಂತ ಹೆಚ್ಚಾಗಿ ಆ ಹಾಳೆಗಳು ಕೈಯಿಂದ ಕೈಗೆ ಹೋದವು.

ನಾವು ಕಂಪ್ಯೂಟರ್ ಸೈನ್ಸ್‌ನವರು. ಕೈಯಲ್ಲಿ ಹಿಡಿದು ತೋರಿಸಲು ನಮ್ಮಲ್ಲಿ ಏನಿದೆ?

ನಮ್ಮ ಊರಿನ ಹೆಸರಿದೆ. ‘ಶಿವಮೊಗ್ಗ’ ಎಂಬುದರಲ್ಲಿ ಎಷ್ಟು ಅಕ್ಷರ ಎಂದು ಸಭೆಯನ್ನು ಕೇಳಿ. ನಾಲ್ಕು ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಉದ್ದವನ್ನು ಕೇಳಿದರೆ 8 ಎಂದು ಉತ್ತರ ಬರುತ್ತದೆ, ಏಕೆಂದರೆ ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯು ಗುಣಿತದ ಚಿಹ್ನೆಯನ್ನೂ ಒತ್ತಕ್ಷರಕ್ಕೆ ಬೇಕಾದ ಹಲಂತವನ್ನೂ ಬೇರೆ ಬೇರೆ ಸಂಕೇತವೆಂದು ಎಣಿಸುತ್ತದೆ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ ಕಡತಕ್ಕೆ ಬರೆದರೆ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 24. ಇನ್ನು ಪದವನ್ನು ತಿರುಗಿಸಲು ಹೇಳಿ. ಪ್ರೋಗ್ರಾಮ್ ‘ಗ್ಗೊಮವಿಶ’ ಎಂದು ಕೊಡುತ್ತದೆ. ಮಕ್ಕಳಾಟದಲ್ಲಿ ನಾವು ತಿರುಗಿಸಿದರೆ ‘ಗ್ಗಮೊವಶಿ’ ಎನ್ನುತ್ತೇವೆ. ಗುಣಿತಗಳು ಪಕ್ಕದ ಮನೆಗೆ ಹೋಗಿ ಕುಳಿತದ್ದು ಹೇಗೆ? ಇಷ್ಟರಿಂದಲೇ ಒಂದು ಒಳ್ಳೆಯ ಸಂಜೆ ಕಳೆಯುತ್ತದೆ. ಊರಿನ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಮತ್ತು ಹೊಸ ಕಾಗುಣಿತ ಎರಡೂ ಇರುವ ವಿಳಾಸಗಳ ಪಟ್ಟಿಯಲ್ಲಿ ಒಂದೇ ಊರನ್ನು ಹುಡುಕುವುದು ಹೇಗೆ ಎಂಬುದು ಮುಂದಿನ ವಾರದ ವಿಷಯವಾಗಬಹುದು.

ಎಐ ಬರೆದುಕೊಟ್ಟ ಸ್ಲೈಡುಗಳನ್ನು ತಂದು ಓದುತ್ತಾರೆ. ಹೇಗೆ ತಡೆಯುವುದು?

ನಿಷೇಧ ಹೇರಬೇಡಿ. ಹೆಸರು ಕೊಡುವಾಗಲೇ ಒಂದು ಮಾತು ತೆಗೆದುಕೊಳ್ಳಿ: ನೀವೇ ಅಳೆದ ಒಂದು ಸಂಖ್ಯೆ, ಅಥವಾ ನೀವೇ ಕಂಡ ಒಂದು ತಪ್ಪು ನಿಮ್ಮ ಮಾತಿನಲ್ಲಿ ಇರಬೇಕು. ಎಐ ಬಗ್ಗೆಯೇ ಮಾತನಾಡುವವರಿಗೂ ಇದೇ ನಿಯಮ. ‘ಕೃತಕ ಬುದ್ಧಿಮತ್ತೆಯ ಉಪಯೋಗಗಳು’ ಎಂಬ ಮಾತು ಬೇಡ. ಎಲೆಚುಕ್ಕಿ ರೋಗ ತಗುಲಿದ ಅಡಿಕೆ ಸೋಗೆಯ 50 ಫೋಟೊ ತೆಗೆದು ಒಂದು ಎಐ ಮಾದರಿಗೆ ತೋರಿಸಿದೆ, ಇಷ್ಟನ್ನು ಸರಿಯಾಗಿ ಹೇಳಿತು, ಇಷ್ಟರಲ್ಲಿ ತಪ್ಪಿತು, ನೆರಳಿನ ಫೋಟೊಗಳಲ್ಲಿ ಹೆಚ್ಚು ತಪ್ಪಿತು ಎನ್ನುವ ಮಾತು ಬೇಕು.

ಬೆಂಗಳೂರಿನ ಕಂಪನಿಯವರನ್ನು ಕರೆಸಬೇಕು ಎಂದು ಎಲ್ಲರೂ ಹೇಳುತ್ತಾರೆ. 300 ಕಿಲೋಮೀಟರ್ ದೂರ ಯಾರು ಬರುತ್ತಾರೆ?

ಅವರೇ ಬರುತ್ತಾರೆ, ಹಬ್ಬಕ್ಕೆ. ಮಲೆನಾಡಿನವರು ದೀಪಾವಳಿಗೆ ಊರಿಗೆ ಬರದೆ ಇರುವುದು ಅಪರೂಪ. ಗೌರಿ-ಗಣೇಶ, ಊರ ಜಾತ್ರೆ, ಮನೆಯ ಮದುವೆ ಎಂದೂ ಬರುತ್ತಾರೆ. ಹಳೆಯ ವಿದ್ಯಾರ್ಥಿಗಳಿಗೆ ತಿಂಗಳ ಮೊದಲೇ ‘ಹಬ್ಬಕ್ಕೆ ಬಂದಾಗ ಒಂದು ಗಂಟೆ ಕೊಡುತ್ತೀರಾ?’ ಎಂದು ಕೇಳಿ. ಪ್ರಯಾಣದ ಖರ್ಚೂ ಇಲ್ಲ, ವಸತಿಯ ಚಿಂತೆಯೂ ಇಲ್ಲ. ಅವರಿಗೆ ‘ಉದ್ಯಮದ ನಿರೀಕ್ಷೆಗಳು’ ಎಂಬ ವಿಷಯ ಕೊಡಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನೀವು ಕೆಡಿಸಿದ್ದು ಏನು, ಅದನ್ನು ಹೇಗೆ ಪತ್ತೆ ಹಚ್ಚಿದಿರಿ ಎಂದು ಕೇಳಿ. ಸೆಮಿಸ್ಟರಿಗೆ ಇಂಥ ಇಬ್ಬರು ಸಾಕು, ಉಳಿದ ವಾರಗಳು ವಿದ್ಯಾರ್ಥಿಗಳವೇ ಆಗಿರಲಿ.

ಎಂಜಿನಿಯರಿಂಗ್ ಓದದವರನ್ನು ಕರೆದರೆ ನಡೆಯುತ್ತದೆಯೇ?

ನಮ್ಮ ಅತ್ಯುತ್ತಮ ಸಂಜೆಗಳಲ್ಲಿ ಒಂದು ಹಾಗೆ ಬಂದದ್ದು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಮೇಸ್ತ್ರಿಯೊಬ್ಬರನ್ನು ಕರೆದಿದ್ದೆವು. ಭಾಷಣ ಮಾಡಿ ಎಂದರೆ ಅವರು ಒಪ್ಪುತ್ತಿರಲಿಲ್ಲ. ‘ಸುಟ್ಟ ಮೋಟಾರ್ ಎರಡು ತನ್ನಿ, ಹುಡುಗರು ಪ್ರಶ್ನೆ ಕೇಳುತ್ತಾರೆ’ ಎಂದೆವು. ಅವರು ಸುರುಳಿಗಳನ್ನು ಮೇಜಿನ ಮೇಲಿಟ್ಟು, ಬಣ್ಣ ನೋಡಿಯೇ ಕಾರಣ ಹೇಳತೊಡಗಿದರು. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೋಟಾರ್ ಓಡುತ್ತಲೇ ಇದ್ದರೆ ಉಳಿದ ತಂತಿಗಳ ಮೇಲೆ ಕರೆಂಟ್ ಏರುತ್ತದೆ, ಸುರುಳಿ ಕಾದು ಸುಡುತ್ತದೆ. ಸ್ಟಾರ್ ಜೋಡಣೆಯ (ಮೂರು ಸುರುಳಿಗಳ ಒಂದೊಂದು ತುದಿ ಒಂದೆಡೆ ಸೇರಿದ) ಮೋಟಾರಿನಲ್ಲಿ ಎರಡು ಫೇಸ್‌ನ ಸುರುಳಿಗಳು ಕಪ್ಪಾಗಿ ಒಂದು ಹಾಗೆಯೇ ಉಳಿದಿರುತ್ತದೆ. ಸುರುಳಿಗಳು ತ್ರಿಕೋನದಂತೆ ಸೇರಿದ ಡೆಲ್ಟಾ ಜೋಡಣೆಯಲ್ಲಿ ಒಂದು ಮಾತ್ರ ಕಪ್ಪಾಗಿರುತ್ತದೆ. ಎಲ್ಲವೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿತ್ತು ಎಂದರ್ಥ. ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಇದಕ್ಕೆ ಸಮೀಕರಣ ಬರೆಯಬಲ್ಲರು, ಸುಟ್ಟ ಸುರುಳಿಯನ್ನು ಮುಟ್ಟಿ ನೋಡಿದ್ದು ಅಂದೇ ಮೊದಲು.

ಇಂಥವರನ್ನು ಕರೆಯುವಾಗ ಎರಡು ಸಂಗತಿ ನೆನಪಿಡಿ. ಅವರಿಗೆ ಅರ್ಧ ದಿನದ ದುಡಿಮೆ ಹೋಗುತ್ತದೆ, ಆದ್ದರಿಂದ ಗೌರವಧನ ಕೊಡಲೇಬೇಕು. ನಾವು ಖರ್ಚು ಮಾಡುವುದು ಇದಕ್ಕೊಂದಕ್ಕೇ. ಮತ್ತೆ, ಜೊತೆಯಲ್ಲಿ ಒಬ್ಬ ವಿದ್ಯಾರ್ಥಿ ಕುಳಿತು ಮಾತು ಮುಂದುವರಿಸಿಕೊಂಡು ಹೋಗಬೇಕು. ಆ ವಿದ್ಯಾರ್ಥಿ ಹಿಂದಿನ ದಿನವೇ ಅಂಗಡಿಗೆ ಹೋಗಿ ಒಂದು ಗಂಟೆ ಕೆಲಸ ನೋಡಿ ಬಂದಿರಲಿ.

## ಆ ದಿನ, ಆ ಕೋಣೆಯಲ್ಲಿ

ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕೊಡಬೇಕು?

ಮೊದಲ ಸಲದವರಿಗೆ 5 ನಿಮಿಷ, ರೂಢಿಯಾದವರಿಗೆ 20. ಒಂದು ಸಂಜೆಗೆ ದೊಡ್ಡದು ಒಂದು, ಚಿಕ್ಕವು ಎರಡು. ಉಳಿದ ಹೊತ್ತು ಪ್ರಶ್ನೆಗಳಿಗೆ. ಸಮಯ ನೋಡಿಕೊಳ್ಳುವವರು ಎದುರಿನಲ್ಲಿ ಕುಳಿತು ಕೊನೆಯ ಎರಡು ನಿಮಿಷಕ್ಕೆ ಕೈ ಎತ್ತಿ ತೋರಿಸಲಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋಗುತ್ತದೆ ಎಂದೇ ಎಣಿಸಿ ಸಿದ್ಧವಾಗಿ. ‘ಪ್ರೊಜೆಕ್ಟರ್ ಇಲ್ಲದಿದ್ದರೂ ಹಲಗೆಯ ಮೇಲೆ ಇದನ್ನು ಹೇಳಬಲ್ಲೆಯಾ?’ ಎಂದು ಪ್ರತಿಯೊಬ್ಬರನ್ನೂ ಮೊದಲೇ ಕೇಳಿ. ಹೇಳಬಲ್ಲವರ ಮಾತು ಕರೆಂಟ್ ಇದ್ದಾಗಲೂ ಚೆನ್ನಾಗಿರುತ್ತದೆ. ಇಂಟರ್ನೆಟ್ ನಂಬಿದ ಪ್ರಾತ್ಯಕ್ಷಿಕೆ ಬೇಡ, ಬೇಕಾದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡಿರಿ.

ತಗಡಿನ ಶೀಟ್ ಹೊದಿಸಿದ ಕೋಣೆಯನ್ನು ಆರಿಸಬೇಡಿ. ಜುಲೈ ಮಳೆ ತಗಡಿನ ಮೇಲೆ ಬಿದ್ದರೆ ಎರಡನೆಯ ಸಾಲಿಗೂ ದನಿ ಮುಟ್ಟುವುದಿಲ್ಲ. ಸ್ಲೈಡಿನಲ್ಲಿ ಕನ್ನಡ ಇದ್ದರೆ ಯೂನಿಕೋಡ್ ಫಾಂಟನ್ನೇ ಬಳಸಿ, ಪಿಡಿಎಫ್ ಮಾಡಿ ತನ್ನಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ.

ಮಾತು ಮುಗಿದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೂರುತ್ತಾರೆ.

‘ಪ್ರಶ್ನೆ ಇದೆಯೇ?’ ಎಂದು ಕೇಳಿದ ಕೂಡಲೇ ಯಾರೂ ಕೈ ಎತ್ತುವುದಿಲ್ಲ. ಎರಡು ನಿಮಿಷ ಪಕ್ಕದವರೊಂದಿಗೆ ಮಾತನಾಡಿಕೊಳ್ಳಲು ಬಿಡಿ. ಕೋಣೆ ಗಿಜಿಗುಡುತ್ತದೆ, ಇಬ್ಬರ ನಡುವೆ ಹುಟ್ಟಿದ ಪ್ರಶ್ನೆಯನ್ನು ಒಬ್ಬರಾದರೂ ಎತ್ತುತ್ತಾರೆ. ಚೀಟಿಯಲ್ಲಿ ಬರೆದು ಕೊಡುವ ದಾರಿಯೂ ಇರಲಿ, ಮೊದಲ ವರ್ಷದವರು ಅದನ್ನೇ ಹೆಚ್ಚು ಬಳಸುತ್ತಾರೆ. ನನ್ನಂಥ ಅಧ್ಯಾಪಕರಿಗೆ ಒಂದು ನಿಯಮ: ಮೂವರು ವಿದ್ಯಾರ್ಥಿಗಳು ಕೇಳುವವರೆಗೆ ನಾವು ಬಾಯಿ ತೆರೆಯುವಂತಿಲ್ಲ.

ಮಾತನಾಡುವವರು ತಪ್ಪು ಹೇಳಿದರೆ ನಡುವೆಯೇ ತಿದ್ದಬೇಕೇ?

ಯಾರಿಗಾದರೂ ಅಪಾಯವಾಗುವಂಥ ತಪ್ಪಾದರೆ ತಕ್ಷಣ ತಿದ್ದಿ. 230 ವೋಲ್ಟ್ ಮುಟ್ಟುವ ವಿಷಯ, ಲಿಥಿಯಂ ಬ್ಯಾಟರಿ, ಕಾದ ಸೋಲ್ಡರಿಂಗ್ ಕಡ್ಡಿ ಇವುಗಳಲ್ಲಿ ಸಂಕೋಚ ಬೇಡ. ಉಳಿದ ತಪ್ಪುಗಳನ್ನು ಗುರುತು ಹಾಕಿಕೊಂಡು ಕೊನೆಯಲ್ಲಿ ‘ಇದನ್ನು ಒಟ್ಟಿಗೆ ಪರೀಕ್ಷಿಸೋಣವೇ?’ ಎಂದು ಕೇಳಿ. ಎಲ್ಲರೆದುರು ಪರೀಕ್ಷಿಸಿದಾಗ ಎರಡು ಸಲ ತಪ್ಪು ನನ್ನದೇ ಎಂದು ಗೊತ್ತಾಗಿದೆ.

## ಕೆಲವು ತಿಂಗಳು ನಡೆದ ಮೇಲೆ

ಎಲ್ಲವನ್ನೂ ವಿಡಿಯೊ ಮಾಡಿ ಹಾಕಬೇಕಲ್ಲವೇ?

ನನ್ನ ಅಭಿಪ್ರಾಯದಲ್ಲಿ ಬೇಡ. ಕ್ಯಾಮೆರಾ ಎದುರಿಗಿದ್ದರೆ ‘ನನಗೆ ಇದು ಅರ್ಥವಾಗಲಿಲ್ಲ’ ಎಂಬ ಮಾತು ಹೊರಗೆ ಬರುವುದಿಲ್ಲ, ನಮಗೆ ಬೇಕಾದದ್ದು ಆ ಮಾತೇ. ಅದರ ಬದಲು ಪ್ರತಿ ವಾರ ಕೇಳುಗರಲ್ಲಿ ಒಬ್ಬರು ಒಂದು ಪುಟದ ಟಿಪ್ಪಣಿ ಬರೆಯಲಿ, ಚಿತ್ರ ಬಿಡಿಸಲಿ. ಮುಂದೆ ದೊಡ್ಡ ವಿಜ್ಞಾನಿಯಾದ, ಕಮ್ಮಾರನ ಮಗ ಮೈಕಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಲ್ಲಿದ್ದಾಗ, 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗಿ ಕುಳಿತ. ಕೇಳಿದ್ದನ್ನು ಚಿತ್ರಗಳ ಸಹಿತ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ಅದೇ ಸಂಸ್ಥೆಯಲ್ಲಿ ಸಹಾಯಕನಾದ. ವಾರದ ಟಿಪ್ಪಣಿ ಯಾರು ಬರೆಯುತ್ತೀರಿ ಎಂದು ಕೇಳುವಾಗ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಭಾಗವಹಿಸಿದವರಿಗೆ ಪ್ರಮಾಣಪತ್ರ ಕೊಡಬೇಕೇ?

ಕೇಳಲು ಬಂದವರಿಗೆ ಬೇಡ. ಕಾಗದಕ್ಕಾಗಿ ಬರುವವರು ಕಾಗದ ಸಿಕ್ಕ ಮೇಲೆ ಬರುವುದಿಲ್ಲ. ಮಾತನಾಡಿದವರಿಗೆ, ಅವರು ಏನು ಮಾಡಿ ತೋರಿಸಿದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಸಹಿ ಹಾಕಿದ ಪತ್ರ ಕೊಡಿ. ಸಂದರ್ಶನಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ಮೊದಲು 60 ಜನ ಬಂದರು, ಈಗ 12 ಜನ. ನಿಲ್ಲಿಸಿಬಿಡೋಣವೇ?

ಮೊದಲ ದಿನದ 60ರಲ್ಲಿ ಬಹುಪಾಲು ನೋಡಿಹೋಗಲು ಬಂದವರು, ಅವರ ಮೇಲೆ ಬೇಸರ ಬೇಡ. ನಾನು ತಲೆ ಎಣಿಸುವುದನ್ನು ಬಿಟ್ಟು ಬೇರೊಂದನ್ನು ಎಣಿಸುತ್ತೇನೆ: ಈ ಸೆಮಿಸ್ಟರಿನಲ್ಲಿ ಕೇಳಲು ಬಂದವರಲ್ಲಿ ಎಷ್ಟು ಜನ ಎದ್ದು ನಿಂತು ಮಾತನಾಡಿದರು? 12 ಜನರಲ್ಲಿ ಐವರು ಮಾತನಾಡಿದ್ದರೆ ನಿಮ್ಮ ಕೆಲಸ ಚೆನ್ನಾಗಿ ನಡೆಯುತ್ತಿದೆ. ಮಾತನಾಡಿದವರಲ್ಲಿ ಹುಡುಗಿಯರು ಎಷ್ಟು, ಕನ್ನಡ ಮಾಧ್ಯಮದಿಂದ ಬಂದವರು ಎಷ್ಟು ಎಂಬುದನ್ನೂ ನೋಡಿ. ಒಂದೇ ಗುಂಪಿನ ನಾಲ್ವರೇ ಸರದಿಯಲ್ಲಿ ಮಾತನಾಡುತ್ತಿದ್ದರೆ ಮಾತ್ರ ಚಿಂತಿಸಬೇಕು. ಆಗ ಒಂದು ತಿಂಗಳು ದೊಡ್ಡ ಮಾತುಗಳನ್ನು ನಿಲ್ಲಿಸಿ, ಬರೀ 5 ನಿಮಿಷದ ಹೊಸಬರಿಗೆ ಜಾಗ ಬಿಡಿ.

ಅಂತಿಮ ವರ್ಷದವರು ಹೋದ ಮೇಲೆ ಎಲ್ಲ ನಿಂತುಹೋಗುತ್ತದೆ. ಇದಕ್ಕೇನು ಪರಿಹಾರ?

ನಮ್ಮಲ್ಲೂ ಒಂದು ವರ್ಷ ನಿಂತುಹೋಗಿತ್ತು. ನಡೆಸುತ್ತಿದ್ದ ನಾಲ್ವರೂ ಅಂತಿಮ ವರ್ಷದವರಾಗಿದ್ದರು. ಜೂನ್‌ನಲ್ಲಿ ಅವರು ಹೋದರು, ಆಗಸ್ಟ್‌ನಲ್ಲಿ ಕೋಣೆ ಕೇಳುವವರೇ ಇರಲಿಲ್ಲ. ಈಗ ಪ್ರತಿ ಕೆಲಸಕ್ಕೂ ಜೋಡಿ ಇದೆ, ಮೂರನೆಯ ವರ್ಷದ ಒಬ್ಬರು, ಎರಡನೆಯ ವರ್ಷದ ಒಬ್ಬರು. ಅಂತಿಮ ವರ್ಷದವರು ಮಾತನಾಡಬಹುದು, ಸಲಹೆ ಕೊಡಬಹುದು, ನಡೆಸುವ ಹೊಣೆ ಅವರದಲ್ಲ.

ಎಲ್ಲವೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದು ಮೂರು ತಿಂಗಳಲ್ಲಿ ಹೂತುಹೋಗುತ್ತದೆ, ನೋಟ್‌ಬುಕ್ ಕೈಗೆ ಸಿಗುತ್ತದೆ. ಯಾವ ವಾರ ಯಾರು ಮಾತನಾಡಿದರು, ಏನು ಕೆಟ್ಟಿತು, ಯಾರು ‘ಮುಂದಿನ ಸಲ ಮಾತನಾಡುತ್ತೇನೆ’ ಎಂದರು ಎಂಬುದೆಲ್ಲ ಅದರಲ್ಲಿದೆ. ಮೊದಲ ಪುಟದಲ್ಲಿ ಮೂರು ಸಾಲು: ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ, ಪ್ರೊಜೆಕ್ಟರಿನ ಕೇಬಲ್ ಯಾವ ಕಪಾಟಿನಲ್ಲಿದೆ, ದೂರದ ಊರಿನ ಕೊನೆಯ ಬಸ್ ಎಷ್ಟು ಹೊತ್ತಿಗೆ.